ಹೊಲಸು ನೀರಿನ ಪ್ಲಾಂಟಿನೊಳಗೆ ನಮ್ಮ ಮನೆ

ಮದುವೆಯಾದ ಮೇಲೆ ನಾನು ಸಂಸಾರ ಹೂಡಿದ್ದು ಒಂದು ಪಟ್ಟಣದ ಚರಂಡಿ ನೀರೆಲ್ಲ ಹರಿದು ಬಂದು ಸೇರುವ ಜಾಗದಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳನ್ನು ಬಿಟ್ಟು ನಾನು ಬೇರೆಲ್ಲೂ ವಾಸ ಮಾಡಿದವಳಲ್ಲ. ಆ ಪಟ್ಟಣವೂ ಇಲ್ಲಿಯದೇ. ಅದರ ಹೆಸರನ್ನಾಗಲಿ, ಅಲ್ಲಿನ ನೀರಿನ ಗುತ್ತಿಗೆ ಹಿಡಿದಿದ್ದ ಕಂಪನಿಯ ಹೆಸರನ್ನಾಗಲಿ ಬರೆಯುವುದಿಲ್ಲ. ಅಲ್ಲಿ ನಡೆದದ್ದರಲ್ಲಿ ಪಾಲಿದ್ದವರು ಬಹಳ ಜನ ಇನ್ನೂ ಅಲ್ಲೇ ಇದ್ದಾರೆ. ನಾವೂ ಅಲ್ಲೇ ಇದ್ದೇವೆ.

ನನ್ನ ತವರು ಕೂಡ್ಲಿಗಿ ಹತ್ತಿರದ ಹಳ್ಳಿ. ನಮ್ಮ ಮನೆಯವರು ಹರಪನಹಳ್ಳಿ ತಾಲೂಕಿನ ತೆಲಿಗಿ ಕಡೆಯವರು. ಐಟಿಐ ಮುಗಿಸಿ, ಮೋಟಾರಿಗೆ ತಂತಿ ಸುತ್ತಿ ಕಟ್ಟುವುದು ಕಲಿತು, ಆ ಕಂಪನಿಯಲ್ಲಿ ಆಪರೇಟರ್ ಆಗಿ ಸೇರಿದ್ದರು. ಪಟ್ಟಣಕ್ಕೆ ಕುಡಿಯುವ ನೀರು ಕೊಡುವುದು, ಒಳಚರಂಡಿ ನೀರನ್ನು ಶುದ್ಧ ಮಾಡಿ ಹಳ್ಳಕ್ಕೆ ಬಿಡುವುದು, ಎರಡೂ ಆ ಕಂಪನಿಯ ಗುತ್ತಿಗೆ. ಇಂಥವೇ ಗುತ್ತಿಗೆ ಅದು ಇನ್ನೂ ಹಲವು ಊರುಗಳಲ್ಲಿ ಹಿಡಿದಿತ್ತು. ಹೆಣ್ಣು ನೋಡಲು ಬಂದಾಗ ಮಾವನವರು “ಕಂಪನಿಯವರ ಕ್ವಾರ್ಟರ್ಸು ಐತ್ರಿ, ಬಾಡಿಗಿ ಇಲ್ಲ, ನೀರಿಗೂ ಕರೆಂಟಿಗೂ ಚಿಂತಿ ಇಲ್ಲ” ಅಂದಿದ್ದರು. ಕ್ವಾರ್ಟರ್ಸು ಎಲ್ಲಿದೆ ಎಂದು ನಮ್ಮಪ್ಪ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಊರಾಚೆ, ತಗ್ಗಿನಲ್ಲಿ, ತಂತಿ ಬೇಲಿಯೊಳಗೆ ಎರಡು ಕೋಣೆಯ ಮನೆ. ಮನೆಯ ಮುಂದೆ ಬೇವಿನ ಮರ, ಅದರಾಚೆ ದೊಡ್ಡ ದೊಡ್ಡ ಕಾಂಕ್ರೀಟ್ ತೊಟ್ಟಿಗಳು. ನಮ್ಮವ್ವ ಮೊದಲ ಸಲ ಬಂದಾಗ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಒಳಗೆ ಬಂದಳು.

“ಇಲ್ಲಿ ಹೆಂಗ ಉಣ್ತೀರಬೇ?”

“ರೂಢಿ ಆಗೈತವ್ವ” ಅಂದೆ. ನಿಜವಾಗಿಯೂ ರೂಢಿಯಾಗಿತ್ತು. ನನ್ನ ಮೂಗಿಗೆ ಬೇಗ ಏನೂ ಗೊತ್ತಾಗದಂತಾಯಿತು. ಗೊತ್ತಾಗುತ್ತಿದ್ದುದು ಬೇರೆಯವರಿಗೆ. ಪಕ್ಕದ ಹಳ್ಳಿಯ ಶಾಲೆಗೆ ನಾನು ಅತಿಥಿ ಶಿಕ್ಷಕಿಯಾಗಿ ಹೋಗುತ್ತಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಒಮ್ಮೊಮ್ಮೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಮೊದಮೊದಲು ಅದಕ್ಕೆ ಅಳು ಬರುತ್ತಿತ್ತು, ಆಮೇಲೆ ಕಿಟಕಿ ಪಕ್ಕ ಆರಾಮಾಗಿ ಸರಿದು ಕೂರುವುದು ಕಲಿತೆ.

ಒಂದು ಭಾನುವಾರ ಇವರು ನನಗೆ ಪ್ಲಾಂಟನ್ನೆಲ್ಲ ತೋರಿಸಿದರು. ಊರಿನ ನೀರು ಮೊದಲು ಕಬ್ಬಿಣದ ಜಾಲರಿಗೆ ಬರುತ್ತದೆ. ಪ್ಲಾಸ್ಟಿಕ್ಕು, ಬಟ್ಟೆ, ಕೂದಲು ಅಲ್ಲಿ ನಿಲ್ಲುತ್ತವೆ. ಮುಂದಿನ ತೊಟ್ಟಿಗೆ ದೊಡ್ಡ ಬ್ಲೋವರುಗಳಿಂದ ಗಾಳಿ ಊದುತ್ತಾರೆ, ತಳದಿಂದ ಗುಳ್ಳೆ ಏಳುತ್ತಲೇ ಇರಬೇಕು. ಆ ಗಾಳಿಯಿಂದ ನೀರಿನೊಳಗಿನ ಹುಳ ಬದುಕುತ್ತವೆ, ಕಣ್ಣಿಗೆ ಕಾಣದ ಹುಳ, ಹೊಲಸನ್ನು ತಿನ್ನುವುದು ಅವೇ. ಗಾಳಿ ನಿಂತರೆ ಹುಳ ಸಾಯುತ್ತವೆ. ಕೊನೆಯ ತೊಟ್ಟಿಯಲ್ಲಿ ಕೆಸರು ಕೆಳಗಿಳಿದು, ಮೇಲೆ ತಿಳಿ ನೀರು ನಿಂತು, ಅದು ಹಳ್ಳಕ್ಕೆ ಹೋಗುತ್ತದೆ, ಹಳ್ಳ ಮುಂದೆ ಹೊಳೆ ಸೇರುತ್ತದೆ. ಆ ದಿನಗಳಲ್ಲಿ ಆ ನೀರು ನಿಜವಾಗಿಯೂ ತಿಳಿಯಾಗಿತ್ತು. ಹಳ್ಳದ ಬಾಯಲ್ಲಿ ಬೆಳ್ಳಕ್ಕಿ ನಿಂತಿರುತ್ತಿದ್ದವು. ಕುರಿಯವರು ಸುತ್ತು ಬಳಸಿಯಾದರೂ ಬಂದು ಕುರಿಗಳಿಗೆ ನೀರು ಕುಡಿಸಿಕೊಂಡು ಹೋಗುತ್ತಿದ್ದರು.

ಕಂಪನಿ ಸಾಲದಲ್ಲಿದೆ ಎಂಬುದು ನಮಗೆ ಯಾರೂ ಹೇಳಿ ಗೊತ್ತಾದದ್ದಲ್ಲ. ಮೊದಲು ಸಂಬಳ ತಡವಾಯಿತು. ಕೆಸರು ಒಯ್ಯುವ ಟ್ಯಾಂಕರು ಬರುವುದು ನಿಂತಿತು. ಕೆಟ್ಟ ಒಂದು ಬ್ಲೋವರು ರಿಪೇರಿಗೆಂದು ಹೊಸಪೇಟೆಗೆ ಹೋದದ್ದು ವಾಪಸ್ಸು ಬರಲಿಲ್ಲ. ಕೊನೆಗೆ ಬೇಸಿಗೆಯ ಒಂದು ಬೆಳಿಗ್ಗೆ ಕರೆಂಟಿನವರು ಬಂದು, ಬಾಕಿ ಬಹಳ ಆಗಿದೆ ಎಂದು ಹೇಳಿ, ಪ್ಲಾಂಟಿನ ಲೈನನ್ನು ಕತ್ತರಿಸಿ ಹೋದರು. ಮನೆಯ ಲೈನು ಬೇರೆ ಇದ್ದುದರಿಂದ ನಮ್ಮ ದೀಪ ಉಳಿಯಿತು. ಬ್ಲೋವರಿನ ಗುಂಯ್‌ಗುಡುವ ಸದ್ದು ಮಾತ್ರ ನಿಂತುಹೋಯಿತು. ಎರಡು ವರ್ಷ ಆ ಸದ್ದಿನಲ್ಲೇ ಗಟ್ಟಿಯಾಗಿ ಮಾತಾಡಿ ಅಭ್ಯಾಸವಾಗಿದ್ದ ನಾವು, ಅವತ್ತು ಎದುರುಬದುರು ಕೂತು ಕೂಗಾಡಿದಂತೆ ಮಾತಾಡುತ್ತಿದ್ದೆವು.

ಊರಿನವರು ಬಚ್ಚಲಿಗೆ ನೀರು ಸುರಿಯುವುದನ್ನು ನಿಲ್ಲಿಸುತ್ತಾರೆಯೆ? ನೀರು ಬರುತ್ತಲೇ ಇತ್ತು. ತೊಟ್ಟಿ ತುಂಬಿ, ಪಕ್ಕದ ಕಾಲುವೆಯಿಂದ ಹಾಗೇ ಹಳ್ಳಕ್ಕೆ ಇಳಿಯತೊಡಗಿತು, ಕರ್ರಗೆ.

ಮಾಲಿನ್ಯ ತಡೆಯುವ ಇಲಾಖೆಯವರು ಆಗಾಗ ತಪಾಸಣೆಗೆ ಬರುವುದುಂಟು. ಅವರು ಬರುವ ಹಿಂದಿನ ದಿನ ಕಂಪನಿಯ ಮ್ಯಾನೇಜರು ಬಳ್ಳಾರಿಯಿಂದ ಫೋನು ಮಾಡುತ್ತಿದ್ದರು. ಹಿಂದೆಯೇ ಡೀಸೆಲ್ ಕ್ಯಾನುಗಳು ಬರುತ್ತಿದ್ದವು. ಇವರು ಜನರೇಟರ್ ಹಾಕಿ ಉಳಿದ ಒಂದು ಬ್ಲೋವರನ್ನು ಓಡಿಸುತ್ತಿದ್ದರು. ಪಕ್ಕದ ಕಾಲುವೆಗೆ ನೀರು ಹೋಗದಂತೆ ಅಡ್ಡ ಹಲಗೆ ಇಳಿಸಿ, ಕೊನೆಯ ತೊಟ್ಟಿಗೆ ಬೋರಿನ ನೀರು ಬಿಡುತ್ತಿದ್ದರು. ಅಧಿಕಾರಿಗಳು ಬಂದು, ಗುಳ್ಳೆ ಏಳುವುದನ್ನು ನೋಡಿ, ಬಾಟಲಿಗೆ ನೀರು ತುಂಬಿಕೊಂಡು ಹೋಗುತ್ತಿದ್ದರು. ಅವರ ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಜನರೇಟರ್ ಬಂದಾಗುತ್ತಿತ್ತು. ನಾನು ಇದನ್ನು ಅಡುಗೆಮನೆಯ ಕಿಟಕಿಯಿಂದ ಎರಡು ಮೂರು ಸಲ ನೋಡಿದ್ದೇನೆ. ಇವರು ಆ ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ನಾನು ಕೇಳುತ್ತಲೂ ಇರಲಿಲ್ಲ.

ನನ್ನ ಅಕ್ಕನನ್ನು ಕೊಟ್ಟಿರುವುದು ಹಡಗಲಿ ತಾಲೂಕಿನ ಹೊಳೆದಂಡೆಯ ಒಂದು ಊರಿಗೆ. ಮಾಗಳಕ್ಕೆ ಹೋಗುವ ಬಸ್ಸು ಅವರ ಊರ ಮುಂದೆಯೇ ಹಾಯುತ್ತದೆ. ಭಾವನವರಿಗೆ ಹೊಳೆ ಪಕ್ಕ ಗದ್ದೆ, ಎರಡು ಎಮ್ಮೆ. ಆ ವರ್ಷ ಅಕ್ಕನ ನಾದಿನಿಯ ಸೀಮಂತಕ್ಕೆಂದು ಹೋದಾಗ ಅಕ್ಕ ನನ್ನನ್ನು ಹೊಳೆಯ ಕಡೆ ಕರೆದುಕೊಂಡು ಹೋದಳು. ಬೇಸಿಗೆಯ ಹೊಳೆ, ಬಂಡೆಗಳ ನಡುವೆ ಒಂದು ಪಟ್ಟಿ ನೀರು. ದಂಡೆಯಲ್ಲಿ ಕಂದು ಬಣ್ಣದ ನೊರೆ ಕಟ್ಟಿತ್ತು. ನಾನು ಮರೆತಿದ್ದೆನೆಂದುಕೊಂಡಿದ್ದ ವಾಸನೆ ಅಲ್ಲಿ, ಬಯಲಿನ ಗಾಳಿಯಲ್ಲಿ, ಥಟ್ಟನೆ ಮೂಗಿಗೆ ಬಡಿಯಿತು.

“ಎಮ್ಮಿ ಮೂತಿ ಇಡಂಗಿಲ್ಲ ನೋಡು” ಅಂದಳು ಅಕ್ಕ. “ಬಟ್ಟಿ ಒಗಿಯಾಕ ಬಂದ ಹೆಣ್ಣಮಕ್ಕಳಿಗೆ ಕೈಕಾಲೆಲ್ಲ ತುರಿಕಿ. ನಮ್ಮ ಅತ್ತಿಗಂತೂ ಮೊಣಕಾಲತನಕ ಗುಳ್ಳಿ ಎದ್ದಾವು.”

ನಾನು ಚಪ್ಪಲಿಯ ತುದಿಯಿಂದ ನೊರೆಯನ್ನು ಸರಿಸಿದೆ.

“ಮ್ಯಾಲಿಂದ ಹಳ್ಳದಾಗ ಬರಾಕತ್ತೈತಿ ಅಂತಾರ. ಯಾವ ಹಳ್ಳ ಅಂತ ನಿನಗ ಗೊತ್ತೈತಲ್ಲ?”

“ಗೊತ್ತೈತಿ.”

“ನಿನ್ನ ಗಂಡಗ ಕೇಳಿದಿ ಏನು?”

“ಕೇಳಿಲ್ಲ.”

ಅಕ್ಕ ಮನೆಯ ಕಡೆ ತಿರುಗಿ ನಡೆದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಸಂಜೆ ಹೊರಡುವಾಗ ಎಂದಿನಂತೆ ಉಡಿ ತುಂಬಿ, ಗಿಣ್ಣದ ಡಬ್ಬಿ ಕೊಟ್ಟು ಬಸ್ಸು ಹತ್ತಿಸಿದಳು.

ಮನೆಗೆ ಬಂದು ಇವರ ಮುಂದೆ ಎಲ್ಲ ಹೇಳಿದೆ. ಇವರು ಚಪ್ಪಲಿಯ ಕಿತ್ತ ಉಂಗುಷ್ಠ ಹೊಲಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

“ನಾ ಏನು ಮಾಡ್ಲಿ? ಕರೆಂಟ್ ನನ್ನ ಕೈಯಾಗ ಐತೇನು?”

“ಬಂದವರ ಮುಂದ ಖರೇ ಹೇಳಬಹುದಲ್ಲರಿ.”

“ಹೇಳಿದ್ರ ಕಂಪನಿ ಬಾಗಲ ಹಾಕತೈತಿ. ಕಂಪನಿ ಹೋದ್ರ ಈ ಮನಿ ಹೋಗತೈತಿ. ಆರು ತಿಂಗಳ ಪಗಾರ ಬರಾದು ಐತಿ, ಅದೂ ಹೋಗತೈತಿ. ಮ್ಯಾನೇಜರು ದಿನಾ ಹೇಳ್ತಾರ, ಇನ್ನೊಂದು ಬ್ಯಾಂಕಿನ ಲೋನ್ ಆಗತೈತಿ, ಎಲ್ಲ ಸರಿ ಹೋಗತೈತಿ ಅಂತ.”

“ನೀವು ನಂಬ್ತೀರೇನು?”

“ನಂಬದ ಏನು ಮಾಡ್ಲಿ?” ಎಂದು ಎದ್ದು ಹೊರಗೆ ಹೋದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದು ನನಗೆ ಆಗಲೂ ಗೊತ್ತಿತ್ತು.

ಮಳೆಗಾಲ ಶುರುವಾಗುವ ಮುಂಚೆ ಮತ್ತೆ ತಪಾಸಣೆ ಬಂತು. ಡೀಸೆಲ್ ಬಂತು, ಜನರೇಟರ್ ಶುರುವಾಯಿತು. ಈ ಸಲ ಬಂದದ್ದು ಹೊಸ ಅಧಿಕಾರಿ, ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೈಸೂರು ಕಡೆಯ ಮಾತು. ಜೊತೆಗೆ ಬಾಟಲಿ ಹಿಡಿದ ಒಬ್ಬ ಸಹಾಯಕ, ಪುರಸಭೆಯ ಎಂಜಿನಿಯರು, ನಮ್ಮ ಮ್ಯಾನೇಜರು. ಹಳ್ಳದ ಬಾಯಿಗೆ ಇಳಿಯುವಾಗ ಆಕೆಯ ಕಾಲು ಜಾರಿ ಮೊಣಕಾಲಿನವರೆಗೆ ಕೆಸರಲ್ಲಿ ಹೂತಿತು. ಗಂಡಸರೆಲ್ಲ ಗಾಬರಿಯಾದರು. ಇವರು ದೂರದಿಂದಲೇ ಕೂಗಿ ನನಗೆ ನೀರು ಕೊಡಲು ಹೇಳಿದರು.

ಆಕೆ ನಮ್ಮ ಬಚ್ಚಲ ಕಲ್ಲಿನ ಮೇಲೆ ನಿಂತರು, ನಾನು ತಂಬಿಗೆಯಿಂದ ನೀರು ಹಾಕಿದೆ. ಕೆಸರು ಕರ್ರಗೆ ಇಳಿದು ಹೋಯಿತು. ಆಕೆ ಅದನ್ನೇ ನೋಡುತ್ತ ಕೇಳಿದರು.

“ಇಲ್ಲೇ ಇರ್ತೀರಾ ಅಕ್ಕ?”

“ಹೌದ್ರಿ ಮೇಡಂ.”

“ಈ ಮಷೀನ್ ಸದ್ದಲ್ಲಿ ಹೇಗೆ ನಿದ್ದೆ ಮಾಡ್ತೀರಿ?”

ಆಕೆ ಬೇಕೆಂದೇ ಹಾಗೆ ಕೇಳಿದರೋ, ಸುಮ್ಮನೆ ಮಾತಿಗೆ ಕೇಳಿದರೋ, ಈಗಲೂ ಗೊತ್ತಿಲ್ಲ. ನಾನು ಇನ್ನೊಂದು ತಂಬಿಗೆ ನೀರು ಹಾಕಿದೆ.

“ದಿನಾ ಇರಂಗಿಲ್ರಿ ಮೇಡಂ. ನೀವು ಬರೋ ದಿವಸ ಅಷ್ಟ ಇರತೈತ್ರಿ.”

ಆಕೆ ತಲೆ ಎತ್ತಿ ನನ್ನ ಮುಖ ನೋಡಿದರು. ಬಾಗಿಲ ಹತ್ತಿರ ಟವೆಲ್ ಹಿಡಿದು ನಿಂತಿದ್ದ ಇವರಿಗೂ ಮಾತು ಕೇಳಿಸಿತ್ತು. ಆಕೆ ಟವೆಲ್ ತೆಗೆದುಕೊಂಡು ಕಾಲು ಒರೆಸಿಕೊಂಡರು, “ಥ್ಯಾಂಕ್ಸ್ ಅಕ್ಕ” ಎಂದು ಹೊರಗೆ ಹೋದರು. ಆಮೇಲೆ ಹಲಗೆ ಇಳಿಸಿದ್ದ ಪಕ್ಕದ ಕಾಲುವೆಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಹಲಗೆ ಎತ್ತಿಸಿದರು. ಪ್ಲಾಂಟಿನ ಕರೆಂಟ್ ಮೀಟರಿನ ಪೆಟ್ಟಿಗೆ ತೆಗೆಸಿದರು. ಅದರಲ್ಲಿ ಜೇಡ ಬಲೆ ಕಟ್ಟಿತ್ತು. ಮ್ಯಾನೇಜರ ಮುಖ ನೋಡಲು ನಾನು ಕಿಟಕಿಗೆ ಹೋಗಲಿಲ್ಲ.

ಇವರು ನನ್ನ ಮೇಲೆ ಕೂಗಾಡಲಿಲ್ಲ. ಮಾತನ್ನೇ ಬಿಟ್ಟರು. ಊಟಕ್ಕೆ ಬಡಿಸಿದರೆ ಉಣ್ಣುತ್ತಿದ್ದರು, ಎದ್ದು ಹೋಗುತ್ತಿದ್ದರು. ಒಂದು ದಿನ ಅಕ್ಕಿ ಆರಿಸುತ್ತ ಕೂತಿದ್ದಾಗ ಮಾತ್ರ, ಬೆನ್ನು ತಿರುಗಿಸಿಕೊಂಡೇ ಕೇಳಿದರು, “ನನ್ನ ಒಂದು ಮಾತು ಕೇಳಿ ಹೇಳಬಹುದಿತ್ತಲ್ಲ?”

“ಕೇಳಿದ್ರ ಬ್ಯಾಡ ಅಂತಿದ್ರಿ.”

“ಅಂತಿದ್ದೆ” ಅಂದರು. ಅಲ್ಲಿಗೆ ಅದು ಮುಗಿಯಿತು. ಮುಗಿಯಿತು ಎಂದರೆ, ಮತ್ತೆ ಮಾತಾಡತೊಡಗಿದರು, ಅಷ್ಟೆ.

ಪಟ್ಟಣದ ಕಚೇರಿಯೊಂದರಲ್ಲಿ ಸಭೆ ಕರೆದರು. ಜಿಲ್ಲೆಯಿಂದ ದೊಡ್ಡ ಸಾಹೇಬರು ಬಂದಿದ್ದರು. ಪುರಸಭೆಯವರು, ಕರೆಂಟಿನವರು, ಕಂಪನಿಗೆ ಸಾಲ ಕೊಟ್ಟ ಬ್ಯಾಂಕಿನವರು, ಹೊಳೆದಂಡೆಯ ಊರುಗಳವರು ಎಲ್ಲ ಸೇರಿದ್ದರು. ಅಕ್ಕ ತಮ್ಮ ಊರಿನ ಹೆಂಗಸರ ಜೊತೆ ಟ್ರ್ಯಾಕ್ಸ್ ಗಾಡಿಯಲ್ಲಿ ಬಂದಿದ್ದಳು. ಆಪರೇಟರ್ ಎಂದು ಇವರನ್ನೂ ಕರೆಸಿದ್ದರು. ನಾನು ಶಾಲೆಗೆ ರಜೆ ಹಾಕಿ ಹೋದೆ. ಎಲ್ಲಿ ಕೂರಬೇಕೆಂದು ತಿಳಿಯದೆ ಕೊನೆಗೆ ಅಕ್ಕನ ಪಕ್ಕ ಕೂತೆ.

ಪುರಸಭೆ ಒಪ್ಪಿದ ಹಣ ಕೊಡುತ್ತಿಲ್ಲ, ಅದಕ್ಕೇ ಕರೆಂಟಿನ ಬಿಲ್ಲು ಕಟ್ಟಲಾಗಿಲ್ಲ ಎಂದರು ಕಂಪನಿಯವರು. ಜನ ನೀರಿನ ತೆರಿಗೆ ಕಟ್ಟುತ್ತಿಲ್ಲ, ತಾವೆಲ್ಲಿಂದ ಕೊಡುವುದು ಎಂದರು ಪುರಸಭೆಯವರು. ಕಂಪನಿ ಬೇರೆ ಊರಿನ ಕೆಲಸಕ್ಕೆ ಈ ಊರಿನ ದುಡ್ಡು ಹಾಕಿದೆ, ಸಾಲ ತೀರಿಸದಿದ್ದರೆ ಸಾಮಾನು ಎತ್ತಿಕೊಂಡು ಹೋಗುತ್ತೇವೆ ಎಂದರು ಬ್ಯಾಂಕಿನವರು. ಅಕ್ಕನ ಊರಿನ ಒಬ್ಬ ಮುದುಕಿ ಎದ್ದು ನಿಂತು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಗಾಯ ತೋರಿಸಿದಳು. “ಇದನ್ನ ನೋಡ್ರಿ ಸಾಹೇಬ್ರ, ಆಮ್ಯಾಲ ನಿಮ್ಮ ಲೆಕ್ಕ ಮಾಡ್ರಿ” ಅಂದಳು.

ಆಗ ಮ್ಯಾನೇಜರು ಎದ್ದು, ಯಂತ್ರಗಳು ನಿಂತದ್ದಕ್ಕೆ ಆಪರೇಟರನ ಉದಾಸೀನವೂ ಕಾರಣ, ಜನರೇಟರ್ ಇದ್ದೇ ಇತ್ತು, ಆತ ಓಡಿಸಲಿಲ್ಲ ಎಂದರು. ಇವರು ಹಿಂದಿನ ಸಾಲಿನಲ್ಲಿ ಗೋಡೆಗೆ ಆತು ನಿಂತಿದ್ದರು. ಎಲ್ಲರೂ ತಿರುಗಿ ನೋಡಿದರು. ದೊಡ್ಡ ಸಾಹೇಬರು “ಏನಪ್ಪ?” ಅಂದರು.

ಇವರ ಕಿವಿ ಕೆಂಪಾಗಿತ್ತು. “ನೀವು ಡೀಸೆಲ್ ಕಳಿಸಿದ ದಿವಸ ಓಡಿಸೀನ್ರಿ ಸರ್” ಎಂದರು, ಸಾಹೇಬರಿಗಲ್ಲ, ಮ್ಯಾನೇಜರಿಗೆ. “ಕಳಿಸದ ದಿವಸ ಓಡಿಸಿಲ್ರಿ. ಯಾವಾಗ ಕಳಿಸೀರಿ ಅನ್ನಾದು ನಿಮಗ ಗೊತ್ತೈತ್ರಿ.” ಮತ್ತೆ ಗೋಡೆಗೆ ಆತು ನಿಂತರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂಬುದು ನನಗೆ ಕಾಣುತ್ತಿತ್ತು. ಅಕ್ಕ ನನ್ನ ಮೊಣಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ದಂಡ ಹಾಕಬೇಕು ಎಂದು ಹಲವರು ಕೂಗಿದರು. ಕಾಲಿಗೆ ಕೆಸರು ಮೆತ್ತಿಸಿಕೊಂಡಿದ್ದ ಆ ಅಧಿಕಾರಿ ಹೇಳಿದರು: “ದಂಡ ಹಾಕ್ತೀವಿ. ಆದರೆ ಇವರ ಸಾಲಕ್ಕೆ ಅದೂ ಒಂದು ಸೇರುತ್ತೆ ಅಷ್ಟೆ. ಪ್ಲಾಂಟ್ ಮುಚ್ಚಿಸೋಣ ಅಂದರೆ, ಈಗ ಆಗ್ತಿರೋದೂ ಅದೇ ತಾನೆ? ಬೇರೆ ಕಾರ್ಖಾನೆ ಆದರೆ ಬೀಗ ಹಾಕಬಹುದು. ಊರಿನ ಬಚ್ಚಲಿಗೆ ಹೇಗೆ ಬೀಗ ಹಾಕೋದು?” ಸರ್ಕಾರದ ಅಧಿಕಾರಿಯೊಬ್ಬರು ತಮಗೆ ಏನು ಮಾಡಲಾಗುವುದಿಲ್ಲ ಎಂಬುದನ್ನು ಹೀಗೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಕೊನೆಗೆ ಆದ ತೀರ್ಮಾನ ಇಷ್ಟು. ಗುತ್ತಿಗೆ ರದ್ದು. ಪ್ಲಾಂಟನ್ನು ಪುರಸಭೆಯೇ ನಡೆಸಬೇಕು. ಕರೆಂಟಿನ ಸಂಪರ್ಕ ಪುರಸಭೆಯ ಹೆಸರಿಗೇ ಆಗಬೇಕು, ಬಿಲ್ಲನ್ನು ಬೇರೆ ಯಾವ ಖರ್ಚಿಗೂ ಮುಂಚೆ ಕಟ್ಟಬೇಕು. ಕಂಪನಿಯ ಹಳೆಯ ಬಾಕಿಗೂ ಇದಕ್ಕೂ ಸಂಬಂಧವಿಲ್ಲ.

ಸಭೆಯಲ್ಲಿ ತೀರ್ಮಾನವಾದದ್ದು ಹಳ್ಳದ ನೀರಿಗೆ ತಲುಪಲು ಬಹಳ ಕಾಲ ಹಿಡಿಯಿತು. ಅದಕ್ಕೆ ಮುಂಚೆ ಬ್ಯಾಂಕಿನವರು ಕ್ರೇನ್ ತಂದು ಜನರೇಟರನ್ನು ಎತ್ತಿಕೊಂಡು ಹೋದರು. ಅದು ಲಾರಿ ಹತ್ತುವಾಗ ಇವರು ಕೆಳಗೆ ನಿಂತು, “ಎಡಕ್ಕ ಸ್ವಲ್ಪ, ರೇಡಿಯೇಟರ್ ತಾಗತೈತ್ರಿ” ಎಂದು ಅವರಿಗೇ ದಾರಿ ಹೇಳುತ್ತಿದ್ದರು. ಮಳೆಗಾಲವೆಲ್ಲ ಕಚ್ಚಾ ನೀರೇ ಹರಿಯಿತು. ಹೊಳೆ ತುಂಬಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ನಮಗೆ ಕ್ವಾರ್ಟರ್ಸು ಬಿಡಲು ಹೇಳಿದರು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಇವರು ಮೋಟಾರು ರಿವೈಂಡಿಂಗ್ ಅಂಗಡಿಯೊಂದರಲ್ಲಿ ಕೂಲಿಗೆ ಹೋದರು. ಕಂಪನಿಯಿಂದ ಬರಬೇಕಾದ ಪಗಾರ ಇವತ್ತಿಗೂ ಬಂದಿಲ್ಲ. ಕಂಪನಿಯಿಂದ ಬಾಕಿ ಬರಬೇಕಾದವರ ಸಾಲಿನಲ್ಲಿ ನಾವೂ ಇದ್ದೇವಂತೆ, ಬಹಳ ಹಿಂದುಗಡೆ.

ಮರುವರ್ಷ ಪುರಸಭೆಯವರು ಬ್ಲೋವರುಗಳನ್ನು ರಿಪೇರಿ ಮಾಡಿಸಿದರು. ಆ ಯಂತ್ರಗಳ ಮರ್ಮ ಗೊತ್ತಿದ್ದವರು ಬೇಕಾಗಿ ಇವರನ್ನೇ ಕರೆದರು, ಹೊರಗುತ್ತಿಗೆಯ ಮೇಲೆ, ಮುಂಚಿನದಕ್ಕಿಂತ ಕಡಿಮೆ ಸಂಬಳಕ್ಕೆ. ಇವರು ಹೋದರು. ಹುಳಗಳೆಲ್ಲ ಸತ್ತಿದ್ದರಿಂದ, ಬೇರೆ ಊರಿನ ಪ್ಲಾಂಟಿನಿಂದ ಟ್ಯಾಂಕರಿನಲ್ಲಿ ಕೆಸರು ತರಿಸಿ ತೊಟ್ಟಿಗೆ ಹಾಕಬೇಕಾಯಿತು, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ನೀರು ತಿಳಿಯಾಗಲು ಕೆಲವು ವಾರ ಬೇಕಾದವು.

ಈಗಲೂ ಎಲ್ಲ ಸರಿಯಾಗಿದೆ ಎಂದು ಹೇಳಲಾರೆ. ಮೇಲ್ಗಡೆಯ ಬಡಾವಣೆಗಳ ಚರಂಡಿ ಇನ್ನೂ ಪ್ಲಾಂಟಿಗೆ ಸೇರಿಲ್ಲ, ನೇರ ಹಳ್ಳಕ್ಕೇ ಹೋಗುತ್ತದೆ. ಕರೆಂಟು ಹೋದರೆ ಬದಲಿಗೆ ಜನರೇಟರ್ ಇಲ್ಲ. ಪುರಸಭೆಯವರಿಗೂ ಇದು ಹೊರೆಯಾಗಿದೆ, ಮತ್ತೊಂದು ಕಂಪನಿಗೆ ಕೊಡುವ ಮಾತು ನಡೆದಿದೆ ಎಂದು ಇವರು ಹೇಳುತ್ತಾರೆ. ಆ ಅಧಿಕಾರಿಗೆ ವರ್ಗವಾಗಿದೆ. ಎಲ್ಲಿಗೆ ಎಂದು ಗೊತ್ತಿಲ್ಲ.

ಕಳೆದ ಮಹಾನವಮಿಗೆ ಮುಂಚೆ ನಾವಿಬ್ಬರೂ ಅಕ್ಕನ ಊರಿಗೆ ಹೋಗಿದ್ದೆವು. ಹಬ್ಬಕ್ಕೆ ಮನೆಯ ಹಾಸಿಗೆ, ಹೊದೆಯುವ ಕೌದಿಗಳನ್ನೆಲ್ಲ ಒಗೆಯುವ ಪದ್ಧತಿ. ಎರಡು ವರ್ಷ ಅವರು ಬೋರಿನ ಹತ್ತಿರವೇ ಹೇಗೋ ಮುಗಿಸಿದ್ದರು. ಈ ಸಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೊಳೆಗೇ ಹೊರಟರು. ಅಕ್ಕನ ಅತ್ತೆ ಮಾತ್ರ ದಂಡೆಯ ಮೇಲೆಯೇ ಕೂತರು, ನೀರಿಗೆ ಕಾಲಿಡಲು ಒಪ್ಪಲಿಲ್ಲ. ಇವರು ಪ್ಯಾಂಟು ಮಡಿಚಿ ನೀರಿಗಿಳಿದರು. ಯಾರೂ ನೋಡುತ್ತಿಲ್ಲ ಎಂದುಕೊಂಡು ಒಂದು ಬೊಗಸೆ ನೀರು ಎತ್ತಿ ಮೂಗಿನ ಹತ್ತಿರ ತಂದರು, ಚೆಲ್ಲಿದರು, ಸ್ವಲ್ಪ ಮುಂದೆ ಹೋಗಿ ಇನ್ನೊಂದು ಬೊಗಸೆ ಎತ್ತಿದರು.

“ಹೆಂಗೈತ್ರಿ?” ಎಂದು ಭಾವನವರು ಕೂಗಿದರು.

“ನಡಿತೈತ್ರಿ” ಅಂದರು ಇವರು. “ಭಾಳ ಚಲೋ ಅಂತ ಹೇಳಂಗಿಲ್ಲ.”

ಭಾವನವರು ನೆನೆದು ಭಾರವಾಗಿದ್ದ ಕೌದಿಯ ಒಂದು ತುದಿಯನ್ನು ಇವರ ಕೈಗೆ ಕೊಟ್ಟರು. ಇಬ್ಬರೂ ಎದುರುಬದುರು ನಿಂತು ಅದನ್ನು ಹಿಂಡತೊಡಗಿದರು.